‘ಹೆಂಗಿದೆ?’ ಅಂತ ಕೇಳಿದವರಿಗೆ ಏನು ಹೇಳೋದು: ಹೊಸ ಸಿನಿಮಾ ನೋಡಿ ಬಂದವರಿಗೆ ಒಂದಿಷ್ಟು ಕಿವಿಮಾತು

ಶುಕ್ರವಾರ ಮಾರ್ನಿಂಗ್ ಶೋ ಇಂಟರ್ವಲ್ ಬಿಡುವ ಹೊತ್ತಿಗೆ ನನ್ನ ಫೋನಿಗೆ ಮೂರು ನಾಲ್ಕು ಮೆಸೇಜ್ ಬಂದಿರುತ್ತವೆ. ಎಲ್ಲದರಲ್ಲೂ ಒಂದೇ ಮಾತು. ‘ಹೆಂಗಿದೆ?’

ಇದಕ್ಕೆ ಉತ್ತರ ಕೊಡೋದರಲ್ಲಿ ಏನು ಕಷ್ಟ ಅಂದುಕೊಂಡಿದ್ದೆ. ಆಮೇಲೆ ಒಂದು ಸಲ ಸರಿಯಾಗಿ ಸಿಕ್ಕಿಹಾಕಿಕೊಂಡೆ. ಸಕಲೇಶಪುರದಲ್ಲಿರುವ ನಮ್ಮ ಭಾವ ಹೀಗೇ ಕೇಳಿದ್ದರು. ನಾನಿನ್ನೂ ಥಿಯೇಟರ್ ಮೆಟ್ಟಿಲ ಮೇಲೇ ಇದ್ದೆ, ಕಿವಿಯಲ್ಲಿ ಹಿನ್ನೆಲೆ ಸಂಗೀತ ಗುಂಯ್ ಅನ್ನುತ್ತಿತ್ತು, ‘ಬೆಂಕಿ ಭಾವ, ಬಿಡಬೇಡಿ’ ಅಂತ ಒತ್ತಿ ಕಳಿಸಿದೆ. ಅವರು ಪಾಪ ನನ್ನ ಮಾತು ನಂಬಿ ಅಕ್ಕ, ಇಬ್ಬರು ಮಕ್ಕಳು, ಅವರಮ್ಮ ಎಲ್ಲರನ್ನೂ ಕಾರಿಗೆ ಹಾಕಿಕೊಂಡು 40 ಕಿಲೋಮೀಟರ್ ಓಡಿಸಿ ಹಾಸನಕ್ಕೆ ಹೋಗಿ ಫಸ್ಟ್ ಶೋ ನೋಡಿದ್ದಾರೆ. ಇಪ್ಪತ್ತನೇ ನಿಮಿಷಕ್ಕೆ ಮಚ್ಚು ಹೊರಗೆ ಬಂದಿದೆ. ಅವರಮ್ಮ ಸೆರಗು ಮುಖಕ್ಕೆ ಹಿಡಿದವರು ತೆಗೆದೇ ಇಲ್ಲವಂತೆ. ಚಿಕ್ಕವಳು ಅಳೋದಕ್ಕೆ ಶುರು ಮಾಡಿ, ಇಂಟರ್ವಲ್‌ಗೂ ಮುಂಚೆ ಎಲ್ಲರೂ ಎದ್ದು ಬಂದಿದ್ದಾರೆ. ರಾತ್ರಿ ಭಾವ ಫೋನ್ ಮಾಡಿದರು. ‘ಬೆಂಕಿ ಅಂದ್ಯಲ್ಲ ಮಾರಾಯ, ಸರಿಯಾಗೇ ಹೇಳಿದ್ದೀಯ. ಅಮ್ಮ ಇನ್ನೂ ಊಟ ಮಾಡಿಲ್ಲ.’

ನಾನು ಸುಳ್ಳು ಹೇಳಿರಲಿಲ್ಲ. ನನಗೆ ಆ ಸಿನಿಮಾ ಇವತ್ತಿಗೂ ಇಷ್ಟ. ಆದರೆ ಭಾವ ಕೇಳಿದ್ದೇ ಬೇರೆ. ‘ಹೆಂಗಿದೆ’ ಅಂದರೆ ‘ನಾನು ಹೋಗಬಹುದಾ, ಯಾರನ್ನು ಕರೆದುಕೊಂಡು ಹೋಗಬಹುದು’ ಅಂತ. ಅದಕ್ಕೆ ಉತ್ತರ ಸಿಗುವ ಹಾಗೆ ಬರೆದರೆ ಮಾತ್ರ ನಮ್ಮ ಅನಿಸಿಕೆ ಇನ್ನೊಬ್ಬರ ಕೆಲಸಕ್ಕೆ ಬರುತ್ತದೆ. ಅವತ್ತಿಂದ ಇವತ್ತಿನವರೆಗೆ ನಾನು ಕಲಿತದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ವಿಮರ್ಶೆ ಬರೆಯುವವರಿಗೆ ಇದು ಬೇಕಾಗಿಲ್ಲ. ಮನೆ ಗ್ರೂಪಿಗೆ, ಸ್ಟೇಟಸ್ಸಿಗೆ, ಫ್ರೆಂಡ್ಸಿಗೆ ನಾಲ್ಕು ಸಾಲು ಹಾಕುವ ನಮ್ಮಂಥವರಿಗೆ.

ಮೊದಲು ಸೆನ್ಸಾರ್ ಸರ್ಟಿಫಿಕೇಟ್ ನೋಡಿ. ಸಿನಿಮಾ ಶುರುವಾಗುವ ಮುಂಚೆ ಪರದೆ ಮೇಲೆ ಬರುತ್ತದಲ್ಲ, ಎಲ್ಲರೂ ಪಾಪ್‌ಕಾರ್ನ್ ಹಿಡಿದುಕೊಂಡು ಸೀಟು ಹುಡುಕುವಾಗ, ಅದೇ. ಮುಂಚೆ ಯು/ಎ ಅಂತ ಒಂದೇ ಇತ್ತು, ಅದರೊಳಗೆ ಮಕ್ಕಳ ಸಿನಿಮಾದಿಂದ ಹಿಡಿದು ಅರ್ಧ ಊರು ಕೊಚ್ಚುವ ಸಿನಿಮಾದವರೆಗೆ ಎಲ್ಲಾ ತುಂಬುತ್ತಿದ್ದರು. 2024ರಿಂದ ಅದನ್ನು ಮೂರು ಮಾಡಿದ್ದಾರೆ: 7+, 13+, 16+. ಯು/ಎ 16+ ಸಿನಿಮಾಗೆ ಹತ್ತು ವರ್ಷದ ಮಗುವನ್ನು ಕರೆದುಕೊಂಡು ಹೋದರೆ ಗೇಟಲ್ಲಿ ತಡೆಯುವುದಿಲ್ಲ, ಅದು ಅಪ್ಪ ಅಮ್ಮನಿಗೆ ಬಿಟ್ಟದ್ದು. ಎ ಇದ್ದರೆ ಮಾತ್ರ 18 ಆಗದವರನ್ನು ಬಿಡುವ ಹಾಗಿಲ್ಲ. ಈ ಒಂದು ಅಕ್ಷರ, ಒಂದು ನಂಬರು ನಿಮ್ಮ ಮೆಸೇಜಿನ ಮೊದಲ ಸಾಲಲ್ಲಿ ಇರಲಿ. ಅದರ ಪಕ್ಕ ಯಾಕೆ ಅಂತಲೂ ಹೇಳಿ. ರಕ್ತಕ್ಕಾ, ಬೈಗುಳಕ್ಕಾ, ಇನ್ನೊಂದಕ್ಕಾ. ಬೈಗುಳ ಇದ್ದರೆ ನಮ್ಮತ್ತೆ ನಗುತ್ತಾರೆ, ರಕ್ತ ಕಂಡರೆ ಆಗುವುದಿಲ್ಲ. ಒಬ್ಬೊಬ್ಬರದು ಒಂದೊಂದು.

ಎಲ್ಲಿ ನೋಡಿದಿರಿ, ಎಷ್ಟು ಕೊಟ್ಟಿರಿ ಅಂತಲೂ ಬರೆಯಿರಿ. ಟಿಕೆಟ್ ರೇಟಿಗೂ ನಮ್ಮ ಅಭಿಪ್ರಾಯಕ್ಕೂ ಸಂಬಂಧ ಇಲ್ಲ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಸಿಂಗಲ್ ಸ್ಕ್ರೀನ್ ಬಾಲ್ಕನಿಯಲ್ಲಿ ನೂರಿಪ್ಪತ್ತಕ್ಕೆ ನೋಡಿದವನು ‘ಒಂದ್ಸಲ ನೋಡಬಹುದು’ ಅಂದ ಸಿನಿಮಾವನ್ನೇ ಭಾನುವಾರ ಮಾಲಲ್ಲಿ ನಾನೂರೈವತ್ತು ಕೊಟ್ಟು, ಪಾರ್ಕಿಂಗಿಗೆ ಬೇರೆ ಕೊಟ್ಟು, ನೋಡಿದವನು ‘ದಂಡ’ ಅನ್ನುತ್ತಾನೆ. ಇಬ್ಬರೂ ಹೇಳುತ್ತಿರುವುದು ಅರ್ಧ ಸಿನಿಮಾ ಬಗ್ಗೆ, ಅರ್ಧ ಜೇಬಿನ ಬಗ್ಗೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ ತೆರಿಗೆ ಬಿಟ್ಟು 200 ರೂಪಾಯಿ ಅಂತ ಮಿತಿ ಹಾಕಿತ್ತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು, ನಾವು ಖುಷಿ ಪಟ್ಟಿದ್ದೇ ಬಂತು. ಹಾಗಾಗಿ ‘ನಾನು 180 ಕೊಟ್ಟೆ, ಆ ದುಡ್ಡಿಗೆ ಮೋಸ ಇಲ್ಲ’ ಅಂದರೆ ಓದಿದವರಿಗೆ ಲೆಕ್ಕ ಸಿಗುತ್ತದೆ. ಥಿಯೇಟರ್ ಹೆಸರು ಹಾಕಿದರೆ ಇನ್ನೂ ಒಳ್ಳೆಯದು. ಎಷ್ಟೋ ಸಲ ‘ಡೈಲಾಗ್ ಅರ್ಥ ಆಗಲಿಲ್ಲ’ ಅಂತ ಸಿನಿಮಾಗೆ ಬೈಯುತ್ತೇವೆ, ತಪ್ಪು ಆ ಹಾಲಿನ ಸ್ಪೀಕರದ್ದಾಗಿರುತ್ತದೆ.

ಒಳಗೆ ಕೂತಾಗ ನೋಟ್ಸ್ ಮಾಡಿಕೊಳ್ಳೋದು ಗೀಟ್ಸ್ ಮಾಡಿಕೊಳ್ಳೋದು ಬೇಡ. ಎರಡೇ ವಿಷಯ ಗಮನ ಇಡಿ. ನಿಮ್ಮ ಕೈ ಫೋನಿಗೆ ಮೊದಲು ಯಾವಾಗ ಹೋಯಿತು? ಪಕ್ಕದವರು ಯಾವಾಗ ಸುಮ್ಮನಾದರು? ಕನ್ನಡದ ಪ್ರೇಕ್ಷಕ ಸುಮ್ಮನೆ ಕೂರುವವನಲ್ಲ, ಬಾಯಿ ಓಡುತ್ತಲೇ ಇರುತ್ತದೆ. ಅಂಥವನು ಐದು ನಿಮಿಷ ಚಿಪ್ಸ್ ಪ್ಯಾಕೆಟ್ ಸದ್ದು ಮಾಡದೆ ಕೂತಿದ್ದಾನೆ ಅಂದರೆ ಆ ಸೀನಲ್ಲಿ ಏನೋ ಇದೆ. ಅದನ್ನು ನೆನಪಿಟ್ಟುಕೊಳ್ಳಿ, ನಾಳೆ ಬರೆಯೋದಕ್ಕೆ ಬೇಕು.

ಫೋನ್ ಅಂದೆ, ಇನ್ನೊಂದು ಮಾತು. ಕ್ಲೈಮ್ಯಾಕ್ಸ್ ಹಿಡಿದು ಸ್ಟೇಟಸ್‌ಗೆ ಹಾಕಬೇಡಿ. ಬೇರೆಯವರ ಮಜಾ ಹಾಳಾಗುತ್ತದೆ ಅನ್ನೋದು ಹಾಗಿರಲಿ. ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಗಿದೆ, ಥಿಯೇಟರಲ್ಲಿ ಕದ್ದು ರೆಕಾರ್ಡ್ ಮಾಡಿ ಕಾಪಿ ಮಾಡಿದರೆ 3 ತಿಂಗಳಿಂದ 3 ವರ್ಷದವರೆಗೆ ಜೈಲು, ದಂಡ ಕಡಿಮೆ ಅಂದರೂ 3 ಲಕ್ಷ. ‘ಸಾರ್, ನಾನು 15 ಸೆಕೆಂಡ್ ಅಷ್ಟೇ ಹಿಡಿದದ್ದು’ ಅಂತ ವಾದ ಮಾಡುವ ಪರಿಸ್ಥಿತಿಗೆ ಯಾಕೆ ಬೀಳಬೇಕು ಹೇಳಿ. ಟಿಕೆಟ್ ಫೋಟೋ ಹಾಕಿ, ಕಟೌಟ್ ಫೋಟೋ ಹಾಕಿ, ಸಾಕು.

ಇಂಟರ್ವಲ್‌ನಲ್ಲಿ ಯಾರಿಗೂ ಉತ್ತರ ಕೊಡಬೇಡಿ. ನಮ್ಮ ಕಡೆ ಇಂಟರ್ವಲ್ ಅನ್ನೋದು ಬರೀ ಕಾಫಿಗೆ ಬಿಡುವ ಹೊತ್ತಲ್ಲ, ಅಲ್ಲಿಗೆ ಒಂದು ದೊಡ್ಡ ಹೊಡೆತ ಬೇಕು ಅಂತಲೇ ಕಥೆ ಕಟ್ಟಿರುತ್ತಾರೆ. ಲೈಟ್ ಹತ್ತಿದಾಗ ಎಲ್ಲರ ಮುಖವೂ ಅರಳಿರುತ್ತದೆ. ಆಗ ಕಳಿಸಿದ ‘ಸೂಪರ್’ ಸಾಯಂಕಾಲಕ್ಕೆ ನಮಗೇ ಮುಜುಗರ.

ಈಗ ಅಸಲಿ ವಿಷಯಕ್ಕೆ ಬರುತ್ತೇನೆ. ‘ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಲ್ಯಾಗ್.’ ಈ ಸಾಲನ್ನು ನೀವು ಎಷ್ಟು ಸಲ ಓದಿದ್ದೀರಿ? ನಾನೇ ಒಂದು ಐವತ್ತು ಸಲ ಬರೆದಿದ್ದೇನೆ. ಲ್ಯಾಗ್ ಅನ್ನೋ ಪದವನ್ನು ನಾವು ಉಪ್ಪಿನಕಾಯಿ ಥರ ಎಲ್ಲದಕ್ಕೂ ನೆಂಚಿಕೊಳ್ಳುತ್ತೇವೆ. ಅದನ್ನು ಬರೆಯುವ ಮುಂಚೆ ಸ್ವಲ್ಪ ತಡೆದು, ಏನು ನಿಧಾನ ಆಯ್ತು ಅಂತ ಕೇಳಿಕೊಳ್ಳಿ. ನಮಗೆ ಆಗಲೇ ಗೊತ್ತಿದ್ದ ವಿಷಯವನ್ನು ಮತ್ತೆ ಮತ್ತೆ ಹೇಳಿದರಾ? ಅದು ನಿಜವಾಗಲೂ ಎಳೆದದ್ದೇ. ಅಣ್ಣ ಸತ್ತ ಅಂತ ನಾವು ನೋಡಿದ್ದೇವೆ, ಅದನ್ನು ಅಮ್ಮನಿಗೆ ಹೇಳಿ, ತಂಗಿಗೆ ಹೇಳಿ, ಊರಿಗೆ ಹೇಳಿ, ಫ್ಲ್ಯಾಶ್‌ಬ್ಯಾಕಲ್ಲಿ ಇನ್ನೊಂದು ಸಲ ತೋರಿಸಿದರೆ ಯಾರಿಗಾದರೂ ಆಕಳಿಕೆ ಬರುತ್ತದೆ. ಬಿಲ್ಡಪ್‌ಗೆ ಅಂತ ಹೀರೋ ನಡೆಯೋದನ್ನು ಮೂರು ನಿಮಿಷ ಸ್ಲೋ ಮೋಷನಲ್ಲಿ ತೋರಿಸಿದರಾ? ಅದು ಇನ್ನೊಂದು ಥರದ ಎಳೆತ, ಅಭಿಮಾನಿಗೆ ಅದೇ ಹಬ್ಬ. ಇಲ್ಲಾ, ಆ ಪಾತ್ರದ ಬದುಕೇ ನಿಧಾನಕ್ಕೆ ಸಾಗುತ್ತಿದೆಯಾ? ಹಾಗಿದ್ದರೆ ಅದಕ್ಕೆ ಲ್ಯಾಗ್ ಅನ್ನೋದು ತಪ್ಪು.

‘ಸಪ್ತ ಸಾಗರದಾಚೆ ಎಲ್ಲೋ’ ನೆನಪಿದೆಯಲ್ಲ. ಮೊದಲ ಭಾಗ ಸೈಡ್ ಎ 2023ರ ಸೆಪ್ಟೆಂಬರ್ 1ಕ್ಕೆ ಬಂತು, ಎರಡನೇ ಭಾಗ ಸೈಡ್ ಬಿ ನವೆಂಬರ್ 17ಕ್ಕೆ. ಮನು ಯಾರದೋ ತಪ್ಪನ್ನು ತನ್ನ ತಲೆ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ, ಪ್ರಿಯಾ ಹೊರಗೆ ಕಾಯುತ್ತಾಳೆ. ಕಾಯೋದೇ ಕಥೆ. ಅದನ್ನು ಚಕಚಕ ಅಂತ ತೋರಿಸಿದರೆ ಕಾದ ಹಾಗೆ ಆಗುವುದಾದರೂ ಹೇಗೆ? ನಾನು ಅವತ್ತು ಕಣ್ಣು ಒರೆಸಿಕೊಂಡು ಹೊರಗೆ ಬಂದೆ. ಪಕ್ಕದ ಸೀಟಲ್ಲಿದ್ದ ನನ್ನ ಗೆಳೆಯ ಸೆಕೆಂಡ್ ಹಾಫಲ್ಲಿ ಗೊರಕೆ ಹೊಡೆದ. ವಾರವಿಡೀ ನೈಟ್ ಶಿಫ್ಟ್ ಮಾಡಿ ಬಂದಿದ್ದ, ಅವನನ್ನು ತಪ್ಪು ಅನ್ನಲಾರೆ. ಆದರೆ ಅವನು ಗ್ರೂಪಲ್ಲಿ ‘ಫುಲ್ ಲ್ಯಾಗ್’ ಅಂತ ಬರೆದ, ನಾನು ‘ಮಾಸ್ಟರ್‌ಪೀಸ್’ ಅಂತ ಬರೆದೆ, ಓದಿದವರಿಗೆ ಎರಡರಿಂದಲೂ ಏನೂ ಗೊತ್ತಾಗಲಿಲ್ಲ. ಇಬ್ಬರೂ ಸೇರಿ ‘ನಿಧಾನ, ಮಾತು ಕಡಿಮೆ, ಮನಸ್ಸು ಭಾರ ಆಗುತ್ತೆ, ನಿದ್ದೆಗೆಟ್ಟು ಹೋಗಬೇಡಿ’ ಅಂತ ಬರೆದಿದ್ದರೆ ಬೇಕಾದವರು ಹೋಗುತ್ತಿದ್ದರು, ಬೇಡದವರು ಮನೆಯಲ್ಲಿ ಮಲಗುತ್ತಿದ್ದರು.

‘ಆಕ್ಟಿಂಗ್ ಸೂಪರ್’ ಕೂಡ ಇದೇ ಜಾತಿ. ಯಾರು, ಎಲ್ಲಿ, ಏನು ಮಾಡಿದರು ಅಂತ ಒಂದೇ ಒಂದು ಹೇಳಿ. ರಂಗಾಯಣ ರಘು ಅಂದರೆ ನಮಗೆಲ್ಲ ಜೋರು ಗಂಟಲು, ಪಟಪಟ ಮಾತು ನೆನಪಾಗುತ್ತದೆ, ಅಲ್ವಾ? 2024ರಲ್ಲಿ ‘ಶಾಖಾಹಾರಿ’ ಬಂದಾಗ ನಾನು ಬರೆದದ್ದು ಇಷ್ಟೇ: ‘ಇದರಲ್ಲಿ ಅವರು ಮಲೆನಾಡಿನ ಸಸ್ಯಾಹಾರಿ ಹೋಟೆಲಿನ ಸುಬ್ಬಣ್ಣ. ನಾವು ಕೇಳಿದ ಆ ಗಂಟಲು ಇಲ್ಲಿ ಇಲ್ಲ. ಅವರು ಬಾಯಿ ಮುಚ್ಚಿಕೊಂಡಾಗಲೇ ನನಗೆ ಜಾಸ್ತಿ ಭಯ ಆಯ್ತು.’ ಮೂರು ಜನ ಹೋಗಿ ನೋಡಿದರು. ಸೂಪರ್ ಅಂದಿದ್ದರೆ ಒಬ್ಬರೂ ಹೋಗುತ್ತಿರಲಿಲ್ಲ, ಯಾಕೆಂದರೆ ಅದೇ ವಾರ ನಾನು ಇನ್ನೆರಡು ಸಿನಿಮಾಗೂ ಸೂಪರ್ ಅಂದಿದ್ದೆ.

ಒಂದು ಪೂರ್ತಿ ಉದಾಹರಣೆ ಕೊಡುತ್ತೇನೆ. ‘ಸು ಫ್ರಮ್ ಸೋ’ 2025ರ ಜುಲೈ 25ಕ್ಕೆ ಬಿಡುಗಡೆ ಆಯ್ತು. ಜೆ.ಪಿ. ತುಮಿನಾಡು ನಿರ್ದೇಶನದ ಸಿನಿಮಾ, ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರು. ಆ ವಾರ ನನ್ನ ಫೋನಿಗೆ ಬಂದ ಅನಿಸಿಕೆಗಳೆಲ್ಲ ಹೆಚ್ಚು ಕಡಿಮೆ ಹೀಗಿದ್ದವು: ‘ಸೂಪರ್ ಮೂವಿ, ನಕ್ಕು ನಕ್ಕು ಸುಸ್ತು, ಪೈಸಾ ವಸೂಲ್, ಮಿಸ್ ಮಾಡ್ಕೋಬೇಡಿ, 4.5/5.’ ಸಿನಿಮಾ ಹೆಸರು ಅಳಿಸಿ ಬೇರೆ ಯಾವ ಕಾಮಿಡಿ ಹೆಸರು ಹಾಕಿದರೂ ಸರಿಹೋಗುತ್ತದೆ. ಪರೀಕ್ಷೆ ಇದೇ. ಹೆಸರು ಬದಲಾಯಿಸಿದರೂ ನಡೆಯುತ್ತದೆ ಅಂದರೆ ನೀವಿನ್ನೂ ಏನೂ ಹೇಳಿಲ್ಲ ಅಂತ.

ನಾನು ಎರಡು ಸಲ ತಿದ್ದಿ ಕಳಿಸಿದ್ದು ಇದು:

‘ಕರಾವಳಿಯ ಒಂದು ಊರು. ಅಶೋಕ ಅಂತ ಒಬ್ಬ ಹುಡುಗ, ತನ್ನ ಒಂದು ಎಡವಟ್ಟು ಮುಚ್ಚಿಕೊಳ್ಳೋಕೆ ಮೈಮೇಲೆ ದೆವ್ವ ಬಂದ ಹಾಗೆ ಆಡುತ್ತಾನೆ. ಊರಿಗೆ ಊರೇ ನಂಬುತ್ತೆ. ಆಮೇಲೆ ನಿಜ ಹೇಳೋಕೂ ಆಗಲ್ಲ, ಸುಳ್ಳು ಮುಂದುವರಿಸೋಕೂ ಆಗಲ್ಲ. ಒಬ್ಬ ಹೀರೋ ಅಂತ ಇಲ್ಲ, ಊರೇ ಹೀರೋ. ಹತ್ತು ಜನ ಒಂದೇ ಜಗಲಿ ಮೇಲೆ ನಿಂತು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡೋದರಲ್ಲೇ ನಗು ಇದೆ. ಮಂಗಳೂರು ಕನ್ನಡ, ನಮ್ಮ ಕಿವಿಗೆ ಕೂರೋಕೆ ಹತ್ತು ನಿಮಿಷ ಬೇಕು, ಆಮೇಲೆ ಅದೇ ಮಜಾ. ಕೊನೆಗೆ ಸ್ವಲ್ಪ ಗಂಭೀರ ಆಗುತ್ತೆ, ಆ ತಿರುವು ನನಗೆ ಅವಸರ ಅನಿಸಿತು. ಮನೆಮಂದಿ ಜೊತೆ ಹೋಗಬಹುದು, ಕುಡಿಯೋ ತಮಾಷೆ ಇದೆ ಅನ್ನೋದು ಗೊತ್ತಿರಲಿ. ಹೌಸ್‌ಫುಲ್ ಶೋಗೇ ಹೋಗಿ, ಖಾಲಿ ಹಾಲಲ್ಲಿ ಅರ್ಧ ನಗು ಕಡಿಮೆ.’

ಇದೇನು ದೊಡ್ಡ ಸಾಹಿತ್ಯ ಅಲ್ಲ. ಆದರೆ ಓದಿದವರು ತಮಗೆ ಬೇಕಾ ಬೇಡವಾ ಅಂತ ತೀರ್ಮಾನ ಮಾಡಬಹುದು. ನನಗೆ ಇಷ್ಟ ಆಗದ ಒಂದು ವಿಷಯವೂ ಇದೆ, ಅದು ಯಾಕೆ ಇಷ್ಟ ಆಗಲಿಲ್ಲ ಅಂತಲೂ ಇದೆ. ಬರೀ ಹೊಗಳಿದರೆ ಜನ ‘ಇವನಿಗೆ ಎಲ್ಲವೂ ಸೂಪರ್’ ಅಂತ ಮ್ಯೂಟ್ ಮಾಡುತ್ತಾರೆ, ಬರೀ ಬೈದರೂ ಅದೇ ಗತಿ.

ಇನ್ನೊಂದು ಗಮನಿಸಿದಿರಾ? ‘ಸು’ ಯಾರು, ‘ಸೋ’ ಎಲ್ಲಿ ಅಂತ ನಾನು ಅದರಲ್ಲಿ ಹೇಳಲಿಲ್ಲ. ಇಲ್ಲೂ ಹೇಳುವುದಿಲ್ಲ. ನೋಡದವರು ಇನ್ನೂ ಇದ್ದಾರೆ. ಕಥೆ ಎಷ್ಟು ಹೇಳಬಹುದು ಅನ್ನೋದಕ್ಕೆ ನನ್ನದು ಒಂದು ಸುಲಭ ಲೆಕ್ಕ: ಟ್ರೈಲರಲ್ಲಿ ಎಷ್ಟಿದೆಯೋ ಅಷ್ಟು, ಮೊದಲ ಅರ್ಧ ಗಂಟೆಯಲ್ಲಿ ಗೊತ್ತಾಗುವುದು ಎಷ್ಟೋ ಅಷ್ಟು. ‘ಕ್ಲೈಮ್ಯಾಕ್ಸಲ್ಲಿ ಒಂದು ದೊಡ್ಡ ಟ್ವಿಸ್ಟ್ ಇದೆ, ಹೇಳಲ್ಲ’ ಅನ್ನೋದೂ ಸ್ಪಾಯ್ಲರೇ. ಅದನ್ನು ಓದಿದವನು ಇಡೀ ಸಿನಿಮಾ ಪತ್ತೇದಾರನ ಥರ ಕೂತು ಎಲ್ಲರ ಮೇಲೂ ಅನುಮಾನ ಪಡುತ್ತಾನೆ. ಕೊನೆಗೆ ‘ಇಷ್ಟೇನಾ’ ಅಂತಾನೆ. ಅತಿಥಿ ಪಾತ್ರದಲ್ಲಿ ಯಾರು ಬರುತ್ತಾರೆ ಅನ್ನೋದನ್ನೂ ಬಿಡಿ, ಆ ಒಂದು ವಿಸಿಲ್ ಅವರೂ ಹೊಡೆಯಲಿ.

ಯಾವಾಗ ಬರೆಯಬೇಕು? ಅದು ಎಂಥ ಸಿನಿಮಾ ಅನ್ನೋದರ ಮೇಲೆ. ದೊಡ್ಡ ಸ್ಟಾರ್ ಸಿನಿಮಾ ಆದರೆ ನಾನು ಸೋಮವಾರದವರೆಗೆ ಕಾಯುತ್ತೇನೆ. ಮೊದಲ ಮೂರು ದಿನ ಅದು ಜಾತ್ರೆ, ಅಲ್ಲಿ ನಿಮ್ಮ ಮಾತು ಯಾರಿಗೂ ಕೇಳಿಸುವುದಿಲ್ಲ, ಕೇಳಿಸಿದರೆ ಜಗಳ. ಚಿಕ್ಕ ಸಿನಿಮಾ ಆದರೆ ಶುಕ್ರವಾರ ರಾತ್ರಿಯೇ ಬರೆಯಿರಿ. ಮುಂದಿನ ಶುಕ್ರವಾರ ಇನ್ನೊಂದು ಬರುತ್ತದೆ, ಶೋ ಕಿತ್ತು ಹಾಕುತ್ತಾರೆ, ನೀವು ಬುಧವಾರ ‘ಗೆಳೆಯರೇ, ಒಂದು ಒಳ್ಳೆ ಸಿನಿಮಾ’ ಅಂತ ಬರೆಯುವ ಹೊತ್ತಿಗೆ ಊರಲ್ಲಿ ಉಳಿದಿರುವುದು ಬೆಳಗ್ಗೆ ಒಂಬತ್ತೂವರೆಯ ಒಂದು ಶೋ. ಬಾಯಿಮಾತಿನ ಬಲ ಏನು ಅಂತ ‘ಕಾಂತಾರ’ದಲ್ಲಿ ನೋಡಿದ್ದೇವಲ್ಲ. 2022ರ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಮಾತ್ರ ಬಂದಿತ್ತು. ಎರಡು ವಾರದಲ್ಲಿ ಹಿಂದಿ, ತೆಲುಗು, ತಮಿಳಿಗೆ ಡಬ್ ಆಗಿ ಹೋಯಿತು. ‘ಸು ಫ್ರಮ್ ಸೋ’ಗೂ ಹೀಗೇ, ಜನ ಜನಕ್ಕೆ ಹೇಳಿ ಶೋ ಹೆಚ್ಚಾಯಿತು. ಹಾಗೆಯೇ ಚಿಕ್ಕ ಸಿನಿಮಾಗೆ ‘ಓಟಿಟಿಗೆ ಬರಲಿ ಬಿಡು’ ಅಂತ ಸುಮ್ನೆ ಬಾಯಿಗೆ ಬಂದ ಹಾಗೆ ಬರೆಯಬೇಡಿ. ಮೊಬೈಲಲ್ಲಿ ನೋಡಿದರೂ ನಡೆಯುತ್ತದೆ ಅಂತ ನಿಜವಾಗಲೂ ಅನಿಸಿದ್ದರೆ ಸರಿ, ಕಾರಣ ಕೊಡಿ.

ಹೊರದೇಶದಲ್ಲಿರುವವರು ನಿಮ್ಮ ಗ್ರೂಪಲ್ಲಿ ಇದ್ದರಂತೂ ಇನ್ನೂ ಬೇಗ. ನಮ್ಮ ಚಿಕ್ಕಪ್ಪನ ಮಗಳು ಅಮೆರಿಕದಲ್ಲಿದ್ದಾಳೆ, ಅವಳಿಗೆ ಕನ್ನಡ ಸಿನಿಮಾ ಅಂದರೆ ವಾರಾಂತ್ಯಕ್ಕೆ ಒಂದೋ ಎರಡೋ ಶೋ, ಅದೂ ಒಂದು ಗಂಟೆ ಡ್ರೈವ್. ಅವಳ ಗಂಡ ತೆಲುಗಿನವರು. ಅವಳು ಕೇಳುವುದು ‘ಸಬ್‌ಟೈಟಲ್ ಇಲ್ಲದೆ ಇವರಿಗೆ ಅರ್ಥ ಆಗುತ್ತಾ’ ಅಂತ. ಅದೂ ‘ಹೆಂಗಿದೆ’ಯ ಒಂದು ರೂಪ.

ಅಭಿಮಾನಿಗಳ ವಿಷಯ ಜಾಸ್ತಿ ಎಳೆಯುವುದಿಲ್ಲ. ಆ್ಯಪಲ್ಲಿ ಹತ್ತಕ್ಕೆ ಹತ್ತು ಕೊಡುವವರು ಒಂದು ಕಡೆ, ಹತ್ತಕ್ಕೆ ಒಂದು ಕೊಡುವವರು ಇನ್ನೊಂದು ಕಡೆ, ನಡುವೆ ಸಿನಿಮಾ ನೋಡಿದವರು ಎಲ್ಲಿದ್ದಾರೋ ಹುಡುಕಬೇಕು. ಈಚೆಗೆ ಕೋರ್ಟ್ ಆದೇಶದ ಮೇಲೆ ಟಿಕೆಟ್ ಆ್ಯಪಲ್ಲಿ ರೇಟಿಂಗನ್ನೇ ಮುಚ್ಚಿದ್ದೂ ಆಯ್ತು. ನಾನು ಒಂದು ಉಪಾಯ ಮಾಡಿಕೊಂಡಿದ್ದೇನೆ, ನಟನ ಹೆಸರು ಬರೆಯದೆ ಪಾತ್ರದ ಹೆಸರು ಬರೆಯುತ್ತೇನೆ. ‘ಇಂಥವರು ಸಪ್ಪೆ’ ಅಂದರೆ ನೂರು ಜನ ಬರುತ್ತಾರೆ. ‘ಇನ್ಸ್‌ಪೆಕ್ಟರ್ ಪಾತ್ರಕ್ಕೆ ಇಂಟರ್ವಲ್ ಆದಮೇಲೆ ಕೆಲಸವೇ ಇಲ್ಲ’ ಅಂದರೆ ಯಾರೂ ಬರುವುದಿಲ್ಲ, ಬಂದವರೂ ‘ಹೌದು ಗುರು’ ಅಂತಾರೆ. ಕಲೆಕ್ಷನ್ ಲೆಕ್ಕ ನಮಗೆ ಬೇಡ. ಅದು ನಮ್ಮ ಜೇಬಿಗೆ ಬರುವ ದುಡ್ಡಲ್ಲ.

ಆಮೇಲೆ ಅಭಿಪ್ರಾಯ ಬದಲಾದರೆ ಹೇಳಿಬಿಡಿ. ಎರಡನೇ ಸಲ ನೋಡಿದಾಗ ಇಷ್ಟ ಆಗುವ ಸಿನಿಮಾಗಳಿವೆ, ಥಿಯೇಟರಲ್ಲಿ ಕುಣಿದು ಟಿವಿಯಲ್ಲಿ ಬೇಜಾರಾದವೂ ಇವೆ. ಹಳೇ ಮೆಸೇಜ್ ಅಳಿಸಬೇಡಿ, ಕೆಳಗೆ ಇನ್ನೊಂದು ಸಾಲು ಸೇರಿಸಿ. ಅದಕ್ಕೆ ಯಾರೂ ನಗುವುದಿಲ್ಲ.

ಹೋದ ತಿಂಗಳು ಭಾವ ಮತ್ತೆ ಕೇಳಿದರು, ಒಂದು ಹೊಸ ಸಿನಿಮಾ ಬಗ್ಗೆ. ಅಷ್ಟು ವರ್ಷದ ಮೇಲೆ ನನ್ನನ್ನು ನಂಬಿದರಲ್ಲ ಅಂತ ಖುಷಿಯಾಗಿ, ಹನ್ನೆರಡು ಸಾಲು ಬರೆದೆ. ಥಿಯೇಟರ್, ರೇಟು, ಜನ ಸುಮ್ಮನಾದ ಸೀನು, ಕಿವಿಗೆ ಬಡಿದ ಫೈಟು, ನಾಯಕಿಯ ಅಪ್ಪನ ಪಾತ್ರ ಮಾಡಿದವರು ಚಪ್ಪಲಿ ಬಿಡುವ ರೀತಿ, ಎಲ್ಲಾ ಹಾಕಿದೆ. ಎರಡು ನೀಲಿ ಗೆರೆ ಬಂತು. ಸ್ವಲ್ಪ ಹೊತ್ತು ‘ಟೈಪಿಂಗ್’ ಅಂತ ಬಂತು. ಆಮೇಲೆ ಉತ್ತರ.

‘ಎಲ್ಲ ಸರಿ. ಅಮ್ಮನ್ನ ಕರ್ಕೊಂಡು ಹೋಗ್ಲಾ ಬೇಡ್ವಾ?’

ಸರ್ಟಿಫಿಕೇಟ್ ಬರೆಯೋದನ್ನೇ ಮರೆತಿದ್ದೆ.